ಮೂರು ತಾರೀಖುಗಳ ಮನೆ

2023ರಲ್ಲಿ ನಮ್ಮ ಫ್ರಿಜ್ಜಿನ ಬಾಗಿಲ ಮೇಲೆ ಒಂದು ಕ್ಯಾಲೆಂಡರ್ ಇತ್ತು. ಜುಲೈ 20ರ ಚೌಕದಲ್ಲಿ ಐದು ವರ್ಷದ ಮಗಳು ನೇರಳೆ ಬಣ್ಣದಲ್ಲಿ ಒಂದು ಮನೆ ಬರೆದಿದ್ದಳು. ಅವತ್ತು ನಾವು ಬಾಡಿಗೆ ಬೇಸ್‌ಮೆಂಟ್ ಬಿಟ್ಟು, ವಾನ್‌ನ ಉತ್ತರ ಭಾಗದಲ್ಲಿ ಕಟ್ಟುತ್ತಿದ್ದ ನಮ್ಮ ಸ್ವಂತ ಟೌನ್‌ಹೌಸಿಗೆ ಹೋಗಬೇಕಿತ್ತು. ದಿನಾ ರಾತ್ರಿ ಮಲಗುವ ಮುಂಚೆ ಅವಳು ಒಂದು ಚೌಕ ಹೊಡೆದುಹಾಕುತ್ತಿದ್ದಳು.

ಏಪ್ರಿಲ್‌ನಲ್ಲಿ ಬಿಲ್ಡರ್ ಕಡೆಯಿಂದ ಪತ್ರ ಬಂತು. ಹೊಸ ತಾರೀಖು ನವೆಂಬರ್ 16. ಮಗಳು ಆ ಚೌಕದಲ್ಲಿ ಇನ್ನೊಂದು ಮನೆ ಬರೆದಳು. ಆಗಸ್ಟ್‌ನಲ್ಲಿ ಮತ್ತೊಂದು ಪತ್ರ. ಈ ಸಲ 2024ರ ಮಾರ್ಚ್ 14. ಅವಳು ಡಿಸೆಂಬರ್ ಹಾಳೆಯವರೆಗೂ ತಿರುಗಿಸಿ ನೋಡಿ, "ಅಮ್ಮಾ, ಈ ಕ್ಯಾಲೆಂಡರ್‌ನಲ್ಲಿ ನಮ್ಮನೆ ಬರೋದೇ ಇಲ್ಲ" ಅಂದಳು.

ಹೋದ ತಿಂಗಳು ಒಬ್ಬ ಓದುಗರು ಪತ್ರ ಬರೆದು, "ಮಕ್ಕಳು ಶಾಲೆಗೆ ಸೇರುವಷ್ಟರಲ್ಲಿ ಸ್ವಂತ ಮನೆ ಮಾಡಿಕೊಳ್ಳಬೇಕು ಅಂತಿದ್ದೇವೆ, ನಿಮ್ಮ ಅನುಭವ ಹೇಳಿ" ಎಂದು ಕೇಳಿದ್ದರು. ಹಾಗಾಗಿ ಈ ಸಲದ ಅಂಕಣ ಆ ಕ್ಯಾಲೆಂಡರ್ ಬಗ್ಗೆ. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂತಾರಲ್ಲ, ಇಲ್ಲಿ ನಾವು ಕಟ್ಟುವುದೂ ಇಲ್ಲ, ಬರೀ ಕೊಳ್ಳುತ್ತೇವೆ. ಅದಕ್ಕೇ ಇಷ್ಟು ಪಾಡು.

ಮೊದಲು, ನಾವು ಬಿಲ್ಡರ್ ಹತ್ತಿರ ಯಾಕೆ ಹೋದೆವು ಅನ್ನುವುದನ್ನು ಹೇಳಬೇಕು. 2021ರಲ್ಲಿ ಬ್ಯಾಂಕ್ ಆಫ್ ಕೆನಡಾದ ಬಡ್ಡಿ ದರ ಶೇ. 0.25 ಇತ್ತು. ಎಲ್ಲರ ಕೈಯಲ್ಲೂ ಸಾಲದ ಮಂಜೂರಾತಿ ಪತ್ರ. ಹಳೆಯ ಮನೆಗಳನ್ನು ಬೇಕೆಂದೇ ಕಡಿಮೆ ಬೆಲೆಗೆ ಪಟ್ಟಿ ಮಾಡಿ, ಒಂದೇ ರಾತ್ರಿ ಎಲ್ಲರ ಆಫರ್ ತೆಗೆದುಕೊಳ್ಳುತ್ತಿದ್ದರು. ಬೇರೆಯವರು ಎಷ್ಟು ಕೂಗಿದ್ದಾರೆ ಎಂದು ನಿಮಗೆ ಹೇಳುವುದಿಲ್ಲ. ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಹರಾಜು ಕೂಗಿದ ಹಾಗೆ. (2023ರ ಡಿಸೆಂಬರ್ 1ರಿಂದ ಒಂಟಾರಿಯೊದಲ್ಲಿ ಮಾರುವವರು ಒಪ್ಪಿದರೆ ಬೇರೆ ಆಫರ್‌ಗಳ ವಿವರ ತೋರಿಸಬಹುದು. ಒಪ್ಪಲೇಬೇಕು ಅಂತೇನಿಲ್ಲ.) ನಾವು ಏಳು ಮನೆಗೆ ಆಫರ್ ಹಾಕಿದೆವು, ಏಳೂ ಹೋಯಿತು. ಕೊನೆಯ ಎರಡಕ್ಕೆ ಮನೆ ತಪಾಸಣೆಯ ಷರತ್ತನ್ನೂ ಬಿಟ್ಟಿದ್ದೆವು. ಅಷ್ಟು ಹೊತ್ತಿಗೆ, ಬೆಲೆ ಮೊದಲೇ ಬರೆದಿರುವ ಹೊಸ ಮನೆಯೇ ವಾಸಿ ಅನ್ನಿಸಿತ್ತು.

2021ರ ನವೆಂಬರ್‌ನ ಒಂದು ಭಾನುವಾರ ಬಿಲ್ಡರ್‌ನ ಮಾರಾಟ ಕಚೇರಿಯಲ್ಲಿ ಸಹಿ ಹಾಕಿದೆವು. ಎಪ್ಪತ್ತಕ್ಕೂ ಹೆಚ್ಚು ಪುಟ. ಸುತ್ತ ಬೇರೆ ಕುಟುಂಬಗಳು ಕಾಯುತ್ತಿದ್ದವು, ಮಗಳು ಹಸಿವೆಂದು ಅಳುತ್ತಿದ್ದಳು. ಒಂಟಾರಿಯೊದಲ್ಲಿ ಬಿಲ್ಡರ್‌ನಿಂದ ಹೊಸ ಕಾಂಡೊ ಕೊಂಡರೆ ಯೋಚಿಸಿ ಹಿಂದೆ ಸರಿಯಲು 10 ದಿನ ಸಿಗುತ್ತದೆ. ನಮ್ಮಂಥ ಫ್ರೀಹೋಲ್ಡ್ ಮನೆಗೆ ಅದು ಇರಲಿಲ್ಲ. ನನ್ನ ಕೆಲಸವೇ ಓದುವುದು. ಬೇರೆಯವರ ಪ್ರಬಂಧದಲ್ಲಿ ವಿಧಾನ ಎಂಬ ಭಾಗವನ್ನು ಸಾಲು ಸಾಲಾಗಿ ಕೆದಕಿ, ಈ ಅಳತೆಯಲ್ಲಿ ತಪ್ಪಿನ ಅಂದಾಜು ಎಷ್ಟು ಎಂದು ಕೇಳುವವಳು. ಅವತ್ತು ಮಾತ್ರ ಮಾರಾಟದ ಹುಡುಗಿ ತೋರಿಸಿದ ಕಡೆಯಲ್ಲೆಲ್ಲ ಸಹಿ ಮಾಡಿ ಎದ್ದು ಬಂದೆ. ವಕೀಲರಿಗೆ ಕಾಗದ ಕಳಿಸಿದ್ದು ಆಮೇಲೆ.

ನನಗೆ ಅರ್ಥವಾಗದೆ ಉಳಿದದ್ದು ಮೂರು: ತಾರೀಖು, ಬೆಲೆ, ಮೌಲ್ಯ. ಒಂದೊಂದಾಗಿ ಹೇಳುತ್ತೇನೆ.

ತಾರೀಖಿನ ವಿಷಯ. ಒಂಟಾರಿಯೊದಲ್ಲಿ ಹೊಸ ಮನೆಗಳ ವಾರಂಟಿ ನೋಡಿಕೊಳ್ಳುವ ಸಂಸ್ಥೆ ಟೇರಿಯನ್. ಪ್ರತಿ ಒಪ್ಪಂದಕ್ಕೂ ಅದರದೊಂದು ಅನುಬಂಧ ಅಂಟಿರಲೇಬೇಕು. ಅದರ ಮೊದಲ ಪುಟದಲ್ಲಿ ಮುಖ್ಯ ತಾರೀಖುಗಳ ಪಟ್ಟಿ ಇರುತ್ತದೆ. ನಮ್ಮದರಲ್ಲಿ ಇದ್ದದ್ದು "ಮೊದಲ ತಾತ್ಕಾಲಿಕ" ತಾರೀಖು. ಬಿಲ್ಡರ್ 90 ದಿನ ಮುಂಚೆ ತಿಳಿಸಿದರೆ ಅದನ್ನು 120 ದಿನದವರೆಗೆ ಮುಂದೂಡಬಹುದು. ಅದು "ಎರಡನೇ ತಾತ್ಕಾಲಿಕ". ಮತ್ತೆ 90 ದಿನ ಮುಂಚೆ ತಿಳಿಸಿದರೆ ಇನ್ನೊಂದು 120 ದಿನ. ಅದು "ಖಚಿತ" ತಾರೀಖು. ಖಚಿತ ತಾರೀಖೂ ತಪ್ಪಿದರೆ ಮಾತ್ರ ವಿಳಂಬದ ಪರಿಹಾರದ ಮಾತು. ಅದೂ ನಮ್ಮ ಒಪ್ಪಂದದ ಪ್ರಕಾರ ದಿನಕ್ಕೆ 150 ಡಾಲರ್, ಎಲ್ಲ ಸೇರಿ 7,500 ಮೀರುವಂತಿಲ್ಲ.

ನಮಗೆ ಬಂದ ಎರಡೂ ಪತ್ರ ಸರಿಯಾದ ಸಮಯಕ್ಕೇ ಬಂದಿದ್ದವು. ಅಂದರೆ ಜುಲೈನಿಂದ ಮಾರ್ಚ್‌ವರೆಗಿನ ಎಂಟು ತಿಂಗಳು ಕಾಗದದ ಲೆಕ್ಕದಲ್ಲಿ ವಿಳಂಬವೇ ಅಲ್ಲ. ನಾವು ಬಿಲ್ಡರ್ ಕಚೇರಿಗೆ ಫೋನ್ ಮಾಡಿ ಜಗಳವಾಡಿದ್ದೆಲ್ಲ ವ್ಯರ್ಥ. ಆ ಕಡೆಯವರು ಬಹಳ ಮರ್ಯಾದೆಯಿಂದ, "ಮೇಡಂ, ಮೊದಲ ಪುಟ ನೋಡಿ" ಎಂದಿದ್ದರು. ನೋಡಿದೆ. ಎಲ್ಲ ಬರೆದಿತ್ತು. ಪ್ರಯೋಗಾಲಯದಲ್ಲಿ ನಾವು ಅಂಕಿಯ ಪಕ್ಕ ಕೂಡಿಸು-ಕಳೆ ಗುರುತು ಹಾಕಿ ಬರೆಯುತ್ತೇವೆ. ಜುಲೈ 20ರ ಪಕ್ಕವೂ ಅದು ಇತ್ತು. ಕೂಡಿಸು 240 ದಿನ, ಕಳೆ ಸೊನ್ನೆ. ನಾನು ನೋಡಿರಲಿಲ್ಲ.

ಆ ಎಂಟು ತಿಂಗಳಲ್ಲಿ ಆದದ್ದು ಬಾಡಿಗೆ ಖರ್ಚು ಮಾತ್ರವಲ್ಲ. ಮಗಳು ಹಳೆಯ ಶಾಲೆಯಲ್ಲೇ ಒಂದನೇ ತರಗತಿಗೆ ಸೇರಿ, ಸ್ನೇಹಿತರನ್ನು ಮಾಡಿಕೊಂಡು, ಮಾರ್ಚ್ ರಜೆಯಲ್ಲಿ ಅವರನ್ನು ಬಿಟ್ಟು ಬಂದಳು. ಬಂದದ್ದೂ ನಮ್ಮ ಬೀದಿಯ ಶಾಲೆಗಲ್ಲ, ಯಾಕೆಂದರೆ ಅಲ್ಲಿ ಇನ್ನೂ ಶಾಲೆಯೇ ಎದ್ದಿಲ್ಲ. ಹೊಸ ಬಡಾವಣೆಯ ಮಕ್ಕಳನ್ನು ಸದ್ಯಕ್ಕೆ ದೂರದ ಒಂದು ಶಾಲೆಗೆ ಬಸ್ಸಿನಲ್ಲಿ ಕಳಿಸುತ್ತಾರೆ. ಶಾಲೆಗೆಂದು ಗುರುತು ಮಾಡಿದ ಜಾಗದಲ್ಲಿ ಈಗ ಹುಲ್ಲು, ಒಂದು ಬೋರ್ಡು. ಇದೂ ಒಪ್ಪಂದದಲ್ಲಿ ಇರುತ್ತದೆ: ಈ ಪ್ರದೇಶದ ಶಾಲೆಗಳಲ್ಲಿ ಜಾಗ ಸಿಗದೆ ಹೋಗಬಹುದು, ಮಕ್ಕಳನ್ನು ಬೇರೆ ಕಡೆಗೆ ಬಸ್ಸಿನಲ್ಲಿ ಕಳಿಸಬಹುದು, ಅದನ್ನು ಕೊಳ್ಳುವವರು ಒಪ್ಪಿದ್ದಾರೆ ಎಂಬ ಒಂದು ಪ್ಯಾರಾ. ಶಾಲೆಗಾಗಿಯೇ ಮನೆ ಕೊಳ್ಳುವವರು ನೀವಾದರೆ, ಮಾದರಿ ಮನೆಯ ಅಡುಗೆಮನೆ ನೋಡುವ ಮುಂಚೆ ಆ ಪ್ಯಾರಾ ಹುಡುಕಿ.

ಎರಡನೆಯದು ಬೆಲೆ. ನಮ್ಮ ಮನೆಯ ಬೆಲೆ 12.4 ಲಕ್ಷ ಡಾಲರ್ ಎಂದು ಬರೆದಿತ್ತು. ಅದರ ಮೇಲೆ ಕೊನೆಯ ದಿನದ ಲೆಕ್ಕಪತ್ರ ಬಂತು. ನೀರು, ವಿದ್ಯುತ್ ಮೀಟರ್ ಜೋಡಣೆ, ಬೀದಿ ಮರ, ಡ್ರೈವ್‌ವೇ ಡಾಂಬರು, ಟೇರಿಯನ್ ನೋಂದಣಿ ಶುಲ್ಕ, ಜೊತೆಗೆ ನಾವು ಸಹಿ ಹಾಕಿದ ಮೇಲೆ ಏರಿದ ಅಭಿವೃದ್ಧಿ ಶುಲ್ಕದಲ್ಲಿ ನಮ್ಮ ಪಾಲು. ಈ ಅಭಿವೃದ್ಧಿ ಶುಲ್ಕ ಎಂದರೆ ರಸ್ತೆ, ಚರಂಡಿ, ಪಾರ್ಕುಗಳಿಗಾಗಿ ನಗರಸಭೆ ಬಿಲ್ಡರ್‌ನಿಂದ ಪಡೆಯುವ ಹಣ. ಅದೇನು ಚಿಲ್ಲರೆಯಲ್ಲ. ವಾನ್ ನಗರ 2024ರ ನವೆಂಬರ್‌ನಲ್ಲಿ ಒಂದು ಬಿಡಿ ಮನೆಗೆ ತನ್ನ ಪಾಲನ್ನು ಸುಮಾರು 94 ಸಾವಿರ ಡಾಲರ್‌ನಿಂದ 50 ಸಾವಿರಕ್ಕೆ ಇಳಿಸಿತು. ಇಳಿದ ಮೇಲೂ 50 ಸಾವಿರ! ಈ ಹೆಚ್ಚಳಗಳಿಗೆಲ್ಲ ಇಷ್ಟನ್ನು ಮೀರಬಾರದು ಎಂಬ ಮಿತಿಯನ್ನು ಸಹಿಗೆ ಮುಂಚೆ ವಕೀಲರು ಕೇಳಿ ಹಾಕಿಸಬಹುದು. ಸಹಿಯಾದ ಮೇಲೆ ಕೇಳಿದರೆ ಬಿಲ್ಡರ್ ನಗುತ್ತಾನೆ.

ಆಸ್ತಿ ವರ್ಗಾವಣೆ ತೆರಿಗೆಯೂ ಇದೆ. ವಾನ್‌ನಲ್ಲಿ ಪ್ರಾಂತದ ತೆರಿಗೆ ಮಾತ್ರ. ಸ್ಟೀಲ್ಸ್ ರಸ್ತೆ ದಾಟಿ ಟೊರಾಂಟೊ ನಗರಕ್ಕೆ ಹೋದರೆ ನಗರದ್ದೂ ಸೇರುತ್ತದೆ. ಮೊದಲ ಮನೆ ಕೊಳ್ಳುವವರಿಗೆ ಪ್ರಾಂತ 4,000 ಡಾಲರ್‌ವರೆಗೆ ಬಿಡುತ್ತದೆ. ಆದರೆ ನಮ್ಮವರು ಎಡವುವುದು ಇಲ್ಲೇ: ಮೊದಲ ಮನೆ ಎಂದರೆ ಪ್ರಪಂಚದಲ್ಲೇ ಮೊದಲನೆಯದು. ಬೆಂಗಳೂರಿನಲ್ಲಿ ಅಪ್ಪನ ಜೊತೆ ಜಂಟಿ ಹೆಸರಿನಲ್ಲಿ ಒಂದು ಫ್ಲ್ಯಾಟ್ ಇದ್ದರೂ ನೀವು ಮೊದಲ ಮನೆಯವರಲ್ಲ. ಇಲ್ಲ ಎಂದು ಬರೆದುಕೊಟ್ಟರೆ ಅದು ಸುಳ್ಳು ಘೋಷಣೆ. ನನ್ನ ಗಂಡನ ಹೆಸರು ಮದುವೆಗೆ ಮುಂಚಿನಿಂದಲೂ ಹಾಸನದ ಮನೆ ಪತ್ರದಲ್ಲಿ ಇದೆ ಎಂದು ನಮಗೆ ನೆನಪಾದದ್ದು ವಕೀಲರ ಮುಂದೆ ಕುಳಿತಾಗ.

ಮೂರನೆಯದು ಮೌಲ್ಯ. ನಿಜವಾಗಿ ನಿದ್ದೆ ಕೆಡಿಸಿದ್ದು ಇದು.

2022ರ ಮಾರ್ಚ್‌ನಿಂದ ಬಡ್ಡಿ ಏರತೊಡಗಿ 2023ರ ಜುಲೈ ಹೊತ್ತಿಗೆ ಶೇ. 5 ಮುಟ್ಟಿತು. ಮನೆ ಬೆಲೆಗಳು ಇಳಿದವು. ಬಿಲ್ಡರ್ ಮನೆಗೆ ನೀವು ಬೆಲೆ ಒಪ್ಪುವುದು ಇವತ್ತು, ಬ್ಯಾಂಕ್ ಸಾಲ ಕೊಡುವುದು ಎರಡು ಮೂರು ವರ್ಷದ ಮೇಲೆ, ಆ ದಿನದ ಮೌಲ್ಯ ನೋಡಿ. 2024ರ ಫೆಬ್ರವರಿಯಲ್ಲಿ ಬ್ಯಾಂಕಿನ ಕಡೆಯವರು ಬಂದು ನಮ್ಮ ಮನೆಗೆ 11.2 ಲಕ್ಷ ಎಂದು ಬರೆದು ಹೋದರು. ಲೆಕ್ಕ ನೋಡಿ. 12.4 ಲಕ್ಷಕ್ಕೆ ಶೇ. 80 ಎಂದರೆ 9.92 ಲಕ್ಷ ಸಾಲ ಸಿಗುತ್ತದೆ ಎಂದು ನಾವು ನಂಬಿದ್ದೆವು. 11.2 ಲಕ್ಷಕ್ಕೆ ಶೇ. 80 ಎಂದರೆ 8.96 ಲಕ್ಷ. ಬಿಲ್ಡರ್‌ಗೆ ಕೊಡಬೇಕಾದ್ದು ಮಾತ್ರ ಒಂದು ಸೆಂಟೂ ಇಳಿಯಲಿಲ್ಲ. ನಡುವಿನ 96 ಸಾವಿರ ಡಾಲರ್ ನಾಲ್ಕು ವಾರದಲ್ಲಿ ನಾವೇ ತರಬೇಕು. ತರದಿದ್ದರೆ ಕಟ್ಟಿದ ಮುಂಗಡ ಹೋಗುತ್ತದೆ. ಬಿಲ್ಡರ್ ಆ ಮನೆಯನ್ನು ಕಡಿಮೆಗೆ ಮಾರಿ, ಆದ ನಷ್ಟಕ್ಕೂ ನಮ್ಮ ಮೇಲೆ ದಾವೆ ಹೂಡಬಹುದು.

ನಮ್ಮ ಹತ್ತಿರ ಆಪತ್ಕಾಲಕ್ಕೆಂದು ಇಟ್ಟಿದ್ದು 36 ಸಾವಿರ. ಉಳಿದ 60 ಸಾವಿರಕ್ಕೆ ಮೈಸೂರಿಗೆ ಫೋನ್ ಮಾಡಿದೆ.

ಅಪ್ಪ ಎಲ್ಲ ಕೇಳಿಸಿಕೊಂಡು ಒಂದೇ ಪ್ರಶ್ನೆ ಹಾಕಿದರು. "ಕಾಗದ ಓದಿದ್ಯೇನಮ್ಮಾ?"

"ಲಾಯರು ನೋಡಿದಾರಪ್ಪ" ಅಂದೆ.

ಸ್ವಲ್ಪ ಹೊತ್ತು ಮಾತಿಲ್ಲ. ನನ್ನ ಅಪ್ಪ 1991ರಲ್ಲಿ ಒಂದು ಗೃಹ ನಿರ್ಮಾಣ ಸಹಕಾರ ಸಂಘಕ್ಕೆ ಸೈಟಿಗೆಂದು ದುಡ್ಡು ಕಟ್ಟಿ, 2006ರಲ್ಲಿ ಸೈಟು ಪಡೆದವರು. ಪ್ರತಿಯೊಂದು ರಸೀದಿಯೂ ರಬ್ಬರ್ ಬ್ಯಾಂಡ್ ಹಾಕಿದ ಕಡತದಲ್ಲಿ ಇತ್ತು. ಸಂಘದ ಮೀಟಿಂಗಿಗೆ ಹೋಗುವಾಗ ನಾನು ಸೈಕಲ್ಲಿನ ಮುಂದೆ ಕೂರುತ್ತಿದ್ದೆ. "ನಂಗೆ ಹದಿನೈದು ವರ್ಷ ಆಯ್ತು, ನಿಂಗೆ ಎಂಟು ತಿಂಗಳು. ಪರವಾಗಿಲ್ಲ ಬಿಡು" ಎಂದು ಅವರೇ ನಕ್ಕರು. ಎರಡು ದಿನದಲ್ಲಿ ನಿಶ್ಚಿತ ಠೇವಣಿ ಮುರಿದರು.

60 ಸಾವಿರ ಡಾಲರ್ ಎಂದರೆ ಆಗ ಸುಮಾರು 36 ಲಕ್ಷ ರೂಪಾಯಿ. ಇದನ್ನು ನೀವೂ ತಿಳಿದಿರಿ: ಭಾರತದಿಂದ ಹೀಗೆ ಹಣ ಕಳಿಸುವಾಗ ವರ್ಷಕ್ಕೆ 7 ಲಕ್ಷ ರೂಪಾಯಿ ಮೀರಿದ ಮೊತ್ತದ ಮೇಲೆ ಬ್ಯಾಂಕು ಶೇ. 20 ತೆರಿಗೆ ಮುಂಗಡವಾಗಿ ಹಿಡಿಯುತ್ತಿತ್ತು. 2025ರ ಏಪ್ರಿಲ್‌ನಿಂದ ಆ ಮಿತಿ 10 ಲಕ್ಷ ಆಗಿದೆ. ಆದಾಯ ತೆರಿಗೆ ಲೆಕ್ಕ ಸಲ್ಲಿಸಿದಾಗ ಹೊಂದಾಣಿಕೆ ಆಗುತ್ತದೆ ಅನ್ನುವುದು ನಿಜ, ಅಲ್ಲಿಯವರೆಗೆ ಆ ದುಡ್ಡು ಸಿಕ್ಕಿಕೊಂಡಿರುತ್ತದೆ. ಮಾರ್ಚ್ 31 ದಾಟಿದ್ದರೆ ಹೊಸ ಆರ್ಥಿಕ ವರ್ಷ, ಮೊತ್ತವನ್ನು ಎರಡು ವರ್ಷಕ್ಕೆ ಹಂಚಬಹುದಿತ್ತು. ನಮ್ಮ ಖಚಿತ ತಾರೀಖು ಮಾರ್ಚ್ 14. ಅಪ್ಪನಿಂದ ಸುಮಾರು 6 ಲಕ್ಷ ಹೆಚ್ಚಿಗೆ ಹಿಡಿದರು. ಇಲ್ಲಿಯ ಬ್ಯಾಂಕಿಗೆ, ಇದು ಸಾಲವಲ್ಲ, ವಾಪಸ್ ಕೇಳುವುದಿಲ್ಲ, ಉಡುಗೊರೆ ಎಂಬ ಪತ್ರ ಬೇಕಾಯಿತು. ಅಪ್ಪ ಸಹಿ ಮಾಡಿ ಸ್ಕ್ಯಾನ್ ಕಳಿಸಿದರು. ಅವರು ಖಂಡಿತ ಓದಿಯೇ ಸಹಿ ಮಾಡಿದ್ದಾರೆ.

ಅಮ್ಮನ ಮಂಡಿ ಆಪರೇಷನ್ನಿಗೆ ಆ ಠೇವಣಿಯಲ್ಲಿ ಒಂದು ಪಾಲು ಇಟ್ಟಿದ್ದರು, ಅದನ್ನು ಒಂದು ವರ್ಷ ಮುಂದೆ ಹಾಕಿದರು ಎಂದು ನನಗೆ ಗೊತ್ತಾದದ್ದು ಗೃಹಪ್ರವೇಶ ಆದಮೇಲೆ. ಅದಕ್ಕೆ ಬಿಲ್ಡರ್‌ನ ಲೆಕ್ಕಪತ್ರದಲ್ಲಿ ಕಾಲಂ ಇರಲಿಲ್ಲ.

ಇದಕ್ಕಿಂತ ಕಷ್ಟಪಟ್ಟವರು ಇದೇ ಊರಿನಲ್ಲಿದ್ದಾರೆ. 2017ರ ಡಿಸೆಂಬರ್ 17ರಂದು ಸಬ್‌ವೇ ವಾನ್ ಮೆಟ್ರೊಪಾಲಿಟನ್ ಸೆಂಟರ್‌ವರೆಗೆ ಬಂತು. ಅದರ ಆಸುಪಾಸಿನಲ್ಲಿ ಏಳಬೇಕಿದ್ದ ಕಾಸ್ಮಾಸ್ ಎಂಬ ಕಾಂಡೊ ಯೋಜನೆ 2018ರ ಏಪ್ರಿಲ್‌ನಲ್ಲಿ ರದ್ದಾಯಿತು. ಅದರಲ್ಲಿ 1,100ಕ್ಕೂ ಹೆಚ್ಚು ಮನೆಗಳಿದ್ದವು. ಅದೇ ವರ್ಷ ಐಕೋನಾ ಎಂಬ ಇನ್ನೊಂದು ಯೋಜನೆಯೂ ರದ್ದಾಯಿತು. ಮುಂಗಡವೇನೋ ಹಿಂದಕ್ಕೆ ಬಂತು. ಆದರೆ ಕಾದ ವರ್ಷಗಳಲ್ಲಿ ಬೆಲೆ ಏರಿಹೋಗಿತ್ತು. ಅದೇ ದುಡ್ಡಿಗೆ ಅದೇ ಅಳತೆಯ ಮನೆ ಮತ್ತೆ ಸಿಗಲಿಲ್ಲ. ಬಿಲ್ಡರ್ ಯಾವ ಯಾವ ಕಾರಣಕ್ಕೆ ರದ್ದು ಮಾಡಬಹುದು ಎಂಬ ಪಟ್ಟಿಯೂ ಅನುಬಂಧದಲ್ಲೇ ಇರುತ್ತದೆ. ಬೆಲೆ ಏರಿದರೆ ನಮಗೆ ಮನೆ ತಪ್ಪಬಹುದು, ಇಳಿದರೆ ನಾವು ತಪ್ಪಿಸಿಕೊಳ್ಳುವಂತಿಲ್ಲ. ಸಣ್ಣ ಖರೀದಿದಾರನ ಸಂಕಟವನ್ನು ಇಷ್ಟರಲ್ಲೇ ಹೇಳಿ ಮುಗಿಸಬಹುದು.

ಊರಲ್ಲಾದರೆ ಹೀಗಿಲ್ಲ ಎಂದು ನಿಮ್ಮಲ್ಲಿ ಕೆಲವರು ಅಂದುಕೊಳ್ಳಬಹುದು. ಕಾಗದದ ಮೇಲೆ ನಿಜ. 2016ರ ರೇರಾ ಕಾಯ್ದೆಯ ಪ್ರಕಾರ ಕೊಳ್ಳುವವರು ಕೊಟ್ಟ ಹಣದಲ್ಲಿ ಶೇ. 70ನ್ನು ಆ ಯೋಜನೆಗೆಂದೇ ಪ್ರತ್ಯೇಕ ಖಾತೆಯಲ್ಲಿ ಇಡಬೇಕು. ಮನೆ ಕೈಗೆ ಕೊಡುವುದು ತಡವಾದರೆ ಪ್ರತಿ ತಿಂಗಳಿಗೂ ಬಡ್ಡಿ ಕೊಡಬೇಕು. ನಮ್ಮ 7,500 ಡಾಲರ್ ಮಿತಿಗಿಂತ ಅದು ಎಷ್ಟೋ ಉದಾರ. ಆದರೆ ಆದೇಶ ಸಿಗುವುದು ಒಂದು, ದುಡ್ಡು ಕೈಸೇರುವುದು ಇನ್ನೊಂದು ಎನ್ನುವುದು ಬೆಂಗಳೂರಿನಲ್ಲಿ ದೂರು ಕೊಟ್ಟು ಅಲೆದವರ ಅನುಭವ. ಅಲ್ಲಿ ಕಾನೂನು ದೊಡ್ಡದು, ಕೈಗೆ ಬರುವುದು ನಿಧಾನ. ಇಲ್ಲಿ ಸಿಗುವುದು ಸಲೀಸು, ಮೊತ್ತ ಚಿಕ್ಕದು.

ಹಾಗಾದರೆ ಏನು ಮಾಡಬಹುದು? ನನ್ನ ಮಟ್ಟಿಗೆ ಕಲಿತದ್ದು ಇಷ್ಟು. ಕಾಗದವನ್ನು ಮನೆಗೆ ತಂದು ವಕೀಲರಿಗೆ ಮೊದಲು ತೋರಿಸಿ. ಇವತ್ತೇ ಸಹಿ ಬೇಕು ಅನ್ನುವವರ ಹತ್ತಿರ ಕೊಳ್ಳಲೇಬೇಡಿ. ಬಿಲ್ಡರ್‌ನ ಪರವಾನಗಿ, ಹಿಂದಿನ ಕೆಲಸಗಳ ದಾಖಲೆಯನ್ನು ಒಂಟಾರಿಯೊದ ಹೋಮ್ ಕನ್‌ಸ್ಟ್ರಕ್ಷನ್ ರೆಗ್ಯುಲೇಟರಿ ಅಥಾರಿಟಿಯ ಬಿಲ್ಡರ್ ಪಟ್ಟಿಯಲ್ಲಿ ಪುಕ್ಕಟೆಯಾಗಿ ನೋಡಬಹುದು. ಮೊದಲ ತಾತ್ಕಾಲಿಕ ತಾರೀಖಿಗೆ 240 ದಿನ ಕೂಡಿಸಿ, ಆ ದಿನವನ್ನು ಮಾತ್ರ ನಂಬಿ. ಬೆಲೆಯ ಶೇ. 10ರಷ್ಟು ಮೌಲ್ಯ ಇಳಿದರೆ ಆ ಹಣ ಎಲ್ಲಿಂದ ತರುತ್ತೀರಿ ಎಂದು ಸಹಿಗೆ ಮುಂಚೆ ಬರೆದಿಡಿ. ಉತ್ತರ ಅಪ್ಪ ಅಮ್ಮ ಅಂತಾದರೆ, ಅವರನ್ನು ಈಗಲೇ ಕೇಳಿ, ನಾಲ್ಕು ವಾರ ಇರುವಾಗ ಅಲ್ಲ. ಮಕ್ಕಳಿಗೆ ತಾರೀಖು ಹೇಳಬೇಡಿ. "ಹಿಮ ಬಿದ್ದು ಕರಗಿದ ಮೇಲೆ" ಅಂದರೆ ಸಾಕು.

ಕೊನೆಗೆ ಒಂದು ಮಾತು. ನಮ್ಮ ಗೃಹಪ್ರವೇಶಕ್ಕೆ ಸುಮಾರು ಮೂವತ್ತು ಜನ ಬಂದಿದ್ದರು. ಹಾಲು ಉಕ್ಕಿಸಿದೆವು, ಎಲ್ಲರೂ ಅಡುಗೆಮನೆಯ ಕಲ್ಲು ಮುಟ್ಟಿ ನೋಡಿ ಹೊಗಳಿದರು. ನಾವೂ ನಗುತ್ತಿದ್ದೆವು. 96 ಸಾವಿರದ ಮಾತು ನಮ್ಮಿಬ್ಬರ ಬಾಯಲ್ಲೂ ಬರಲಿಲ್ಲ. ಪಿಎಚ್‌ಡಿ ಮಾಡಿದವಳು ಮೊದಲ ಪುಟ ಓದಲಿಲ್ಲ ಎಂದು ಹೇಗೆ ಹೇಳುವುದು? ಒಂದು ವರ್ಷದ ಮೇಲೆ, ಯುಗಾದಿಯ ಒಂದು ಊಟದಲ್ಲಿ, ಯಾಕೋ ಹೇಳಿಬಿಟ್ಟೆ. ಪಾತ್ರೆ ತೊಳೆಯುವಾಗ ಒಬ್ಬರು ಪಕ್ಕಕ್ಕೆ ಬಂದು, "ನಮ್ಮದೂ ಹಾಗೇ ಆಯ್ತು ರೀ, ಎರಡನೇ ಸಾಲ ತಗೊಂಡ್ವಿ" ಅಂದರು. ಹೊರಡುವಾಗ ಬಾಗಿಲ ಹತ್ತಿರ ಇನ್ನೊಬ್ಬರು. ಇಬ್ಬರೂ ನಮ್ಮ ಗೃಹಪ್ರವೇಶಕ್ಕೆ ಬಂದಿದ್ದವರು. ಇಬ್ಬರೂ ನಮಗಿಂತ ಮುಂಚೆ ಕೊಂಡವರು.

ನಾವು ಒಬ್ಬರನ್ನೊಬ್ಬರು ಹಾಲು ಉಕ್ಕಿಸಲು ಕರೆಯುತ್ತೇವೆ, ಸಹಿಗೆ ಮುಂಚೆ ಕರೆಯುವುದಿಲ್ಲ. ಬಿಲ್ಡರ್‌ಗಳಿಗೆ ಸಂಘವಿದೆ, ಬ್ಯಾಂಕುಗಳಿಗೆ ಸಂಘವಿದೆ. ನಮ್ಮಂಥ ಒಂದು ಮನೆಯವರಿಗೆ ಇರುವುದು ಇನ್ನೊಂದು ಮನೆಯವರ ಊಟದ ಮೇಜು ಮಾತ್ರ. ಪತ್ರ ಬರೆದ ಓದುಗರೇ, ನಿಮ್ಮ ಊರಿನಲ್ಲಿ ಈಗಾಗಲೇ ಕೊಂಡವರೊಬ್ಬರ ಮನೆಗೆ ಆ ಎಪ್ಪತ್ತು ಪುಟ ಹಿಡಿದುಕೊಂಡು ಹೋಗಿ. ಮನೆ ಚೆನ್ನಾಗಿದೆ ಎಂದು ಹೊಗಳಿದ ಮೇಲೆ, ಎಷ್ಟು ಕಷ್ಟ ಆಯಿತು ಎಂದೂ ಕೇಳಿ. ಕೊಂಡವರೇ, ಯಾರಾದರೂ ಕೇಳಿದರೆ ನಿಜವಾದ ಅಂಕಿ ಹೇಳಿ.

ಅಮ್ಮನ ಆಪರೇಷನ್ 2025ರಲ್ಲಿ ಆಯಿತು. ಈಗ ಮೆಟ್ಟಿಲು ಹತ್ತುತ್ತಾರೆ. ನಮ್ಮ ಮನೆಯಲ್ಲಿ ಅವರಿಗೆ ಹತ್ತಲು ಹದಿನಾಲ್ಕು ಮೆಟ್ಟಿಲಿವೆ. ಯಾವಾಗ ಬರುತ್ತಾರೆ ಎಂದು ಮಗಳು ದಿನಾ ಕೇಳುತ್ತಾಳೆ. ವೀಸಾ ಬರಲಿ, ಆಮೇಲೆ ಹೇಳುತ್ತೇನೆ ಅಂದಿದ್ದೇನೆ.

ಮುಂದಿನ ತಿಂಗಳು ಮತ್ತೆ ಸಿಗೋಣ.